ಪಿಕ್ಚರ್ ಟ್ಯೂಬ್ ಬದಲಿಸಿದರೆ ಕೃತಿಯೂ ಬದಲಾಗುತ್ತದೆಯೇ?

ಹಲವು ಮಾಧ್ಯಮಗಳಲ್ಲಿ ಕೆಲಸ ಮಾಡಿದ ಕಲಾವಿದರ ಬಗ್ಗೆ ಮಾತು ಬಂದಾಗಲೆಲ್ಲ ಅವರ ಶೈಲಿ ಯಾವುದು, ಇಷ್ಟನ್ನೂ ಬೆಸೆಯುವ ಎಳೆ ಯಾವುದು ಎಂಬ ಹುಡುಕಾಟ ಶುರುವಾಗುತ್ತದೆ. ಎಲೆಕ್ಟ್ರಾನಿಕ್ ಕಲಾಕೃತಿಗಳ ಸಂರಕ್ಷಣೆಯಲ್ಲಿ ತೊಡಗಿರುವ ನನಗೆ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ. ಈ ಒಂದು ಕೃತಿಯಲ್ಲಿ ಮಾಧ್ಯಮ ಮಾಡುತ್ತಿರುವ ಕೆಲಸ ಏನು? ಒಬ್ಬರೇ ಕಲಾವಿದರಾದರೂ ಉತ್ತರ ಪ್ರತಿ ಕೃತಿಗೂ ಬೇರೆಯಾಗಬಹುದು.

ಟಿ.ವಿ. ಮತ್ತು ವಿಡಿಯೊಗಳನ್ನೇ ಕಲೆಯ ಮಾಧ್ಯಮವಾಗಿಸಿಕೊಂಡ ನಾಮ್ ಜುನ್ ಪೈಕ್ ಅವರನ್ನೇ ನೋಡಿ. 1932ರಲ್ಲಿ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದ ಅವರು ಟೋಕಿಯೊದಲ್ಲಿ ಸೌಂದರ್ಯಶಾಸ್ತ್ರ ಓದಿ, 1956ರಲ್ಲಿ ಜರ್ಮನಿಗೆ ಹೋದದ್ದು ಸಂಗೀತದ ಬೆನ್ನು ಹತ್ತಿ. 1963ರಲ್ಲಿ ವುಪರ್ಟಾಲ್‌ನ ಗ್ಯಾಲರಿಯೊಂದರಲ್ಲಿ ಮಾರ್ಪಡಿಸಿದ ಪಿಯಾನೊಗಳ ಜೊತೆಗೇ ಮಾರ್ಪಡಿಸಿದ ಟಿ.ವಿ.ಗಳನ್ನೂ ಇಟ್ಟರು. ಅವರು ಸಂಗೀತ ಬಿಟ್ಟು ದೃಶ್ಯಕಲೆಗೆ ಬಂದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಿಯಾನೊದ ತಂತಿಯನ್ನು ಕೆಣಕಿದ ಹಾಗೆಯೇ ಅವರು ಟಿ.ವಿ.ಯ ಒಳಗಿನ ವಿದ್ಯುತ್ ಸಂಕೇತವನ್ನೂ ಕೆಣಕಿದರು.

1965ರ 'ಮ್ಯಾಗ್ನೆಟ್ ಟಿ.ವಿ.'ಯಲ್ಲಿ ಪೆಟ್ಟಿಗೆಯ ಮೇಲೆ ಒಂದು ದೊಡ್ಡ ಅಯಸ್ಕಾಂತವಿದೆ. ಹಳೆಯ ಟಿ.ವಿ.ಗಳಲ್ಲಿರುವ ಗಾಜಿನ ಪಿಕ್ಚರ್ ಟ್ಯೂಬಿನೊಳಗೆ ಪರದೆಗೆ ಬಡಿಯುವ ಎಲೆಕ್ಟ್ರಾನ್ ಕಿರಣ ಅಯಸ್ಕಾಂತದ ಸೆಳೆತಕ್ಕೆ ಬಾಗುವುದರಿಂದ ಚಿತ್ರ ಸುರುಳಿಯಾಗಿ ತಿರುಚಿಕೊಳ್ಳುತ್ತದೆ. ಅದರ ಜಾಗದಲ್ಲಿ ಎಲ್‌ಸಿಡಿ ಇಟ್ಟರೆ ಬಾಗಲು ಅಲ್ಲಿ ಕಿರಣವೇ ಇರುವುದಿಲ್ಲ. ಅದೇ ಚಿತ್ರವನ್ನು ರೆಕಾರ್ಡ್ ಮಾಡಿ ತೋರಿಸಿದರೆ ನೋಡುಗರಿಗೆ ಸಿಗುವುದು ಕೃತಿಯ ಫೋಟೊ ಮಾತ್ರ. ಇಲ್ಲಿ ಟ್ಯೂಬನ್ನು ಬಿಟ್ಟುಕೊಡುವಂತಿಲ್ಲ.

1974ರ 'ಟಿ.ವಿ. ಬುದ್ಧ' ಹಾಗಲ್ಲ. ಬುದ್ಧನ ವಿಗ್ರಹದ ಎದುರು ಕ್ಯಾಮೆರಾ ಇದೆ, ಎದುರಿಗೇ ಇರುವ ಟಿ.ವಿ.ಯಲ್ಲಿ ಬುದ್ಧ ತನ್ನನ್ನೇ ನೋಡುತ್ತಿದ್ದಾನೆ. ಈ ಕೃತಿಯ ಪ್ರಾಣ ಇರುವುದು ಆ ನೇರ ಪ್ರಸಾರದಲ್ಲಿ. ಕ್ಯಾಮೆರಾ ಕೆಟ್ಟರೆ ಬೇರೆ ಹಾಕಬಹುದು. ಆದರೆ ಮೊದಲೇ ಚಿತ್ರೀಕರಿಸಿಟ್ಟ ವಿಡಿಯೊ ಓಡಿಸಿದರೆ, ಕಣ್ಣಿಗೆ ಎಷ್ಟೇ ಒಂದೇ ತೆರನಾಗಿ ಕಂಡರೂ, ಅದು ನೋಡುಗರಿಗೆ ಮಾಡುವ ಮೋಸ.

ಅವರ 'ದ ಮೋರ್, ದ ಬೆಟರ್' ಅತಿ ಕಠಿಣ. ದಕ್ಷಿಣ ಕೊರಿಯಾದ ಗ್ವಾಚನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಮತ್ತು ಸಮಕಾಲೀನ ಕಲಾ ಸಂಗ್ರಹಾಲಯದ ಈ 1988ರ ಗೋಪುರದಲ್ಲಿ 1003 ಮಾನಿಟರ್‌ಗಳಿವೆ. ಅಕ್ಟೋಬರ್ 3 ಆ ದೇಶದ ಸಂಸ್ಥಾಪನಾ ದಿನ, ಸಂಖ್ಯೆ ಬಂದದ್ದು ಅಲ್ಲಿಂದ. ಸುರಕ್ಷತೆಯ ಕಾರಣಕ್ಕೆ 2018ರಲ್ಲಿ ಅದನ್ನು ಸ್ವಿಚ್ ಆಫ್ ಮಾಡಬೇಕಾಯಿತು. ಪೈಕ್ ಆಗ ಇರಲಿಲ್ಲ, 2006ರಲ್ಲೇ ತೀರಿಕೊಂಡಿದ್ದರು. ಎಲ್ಲವನ್ನೂ ಹೊಸ ಪರದೆಗಳಿಗೆ ಬದಲಿಸಬೇಕೇ, ಗೋಪುರವನ್ನು ಆರಿದ ಸ್ಥಿತಿಯಲ್ಲೇ ಬಿಡಬೇಕೇ? ಸಂಗ್ರಹಾಲಯ ನಡುವಿನ ದಾರಿ ಹಿಡಿಯಿತು. ಬಳಸಿದ ಹಳೆಯ ಮಾನಿಟರ್‌ಗಳನ್ನು ಹುಡುಕಿ ತಂದು 737ನ್ನು ಟ್ಯೂಬಿನಲ್ಲೇ ಉಳಿಸಿಕೊಂಡರು. ಮೇಲ್ಭಾಗದ ಸಣ್ಣ ಗಾತ್ರದ 266ಕ್ಕೆ ಮಾತ್ರ ಹೊರರೂಪ ಕೆಡದಂತೆ ಎಲ್‌ಸಿಡಿ ಕೂರಿಸಿದರು. 2022ರಲ್ಲಿ ಗೋಪುರ ಮತ್ತೆ ಬೆಳಗಿತು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ಇಲ್ಲಿ ಚಿತ್ರಗಳ ಪ್ರವಾಹ ಎಷ್ಟು ಮುಖ್ಯವೋ ಆ ಪೆಟ್ಟಿಗೆಗಳ ದಪ್ಪ ಮೈ, ಉಬ್ಬಿದ ಗಾಜು ಕೂಡ ಅಷ್ಟೇ ಮುಖ್ಯ. ಅದು ಶಿಲ್ಪವೂ ಹೌದು.

1984ರ ಜನವರಿ 1ರಂದು ನ್ಯೂಯಾರ್ಕ್ ಮತ್ತು ಪ್ಯಾರಿಸ್ ನಡುವೆ ಉಪಗ್ರಹದ ಮೂಲಕ ಅವರು ನಡೆಸಿದ ನೇರ ಪ್ರಸಾರಕ್ಕಂತೂ ದುರಸ್ತಿಯೇ ಇಲ್ಲ. ರೆಕಾರ್ಡಿಂಗ್ ಉಳಿದಿದೆ, ಆ ಹೊತ್ತು ಉಳಿದಿಲ್ಲ.

ಆದ್ದರಿಂದ ಈಗ ಹಲವು ಮಾಧ್ಯಮಗಳಲ್ಲಿ ದುಡಿಯುತ್ತಿರುವ ಕಲಾವಿದರಿಗೆ ನನ್ನದೊಂದು ಕೋರಿಕೆ. ಕೃತಿಯನ್ನು ಬೇರೆಯವರ ಕೈಗೆ ಒಪ್ಪಿಸುವ ಮುನ್ನ ಅದರ ಜೊತೆ ಒಂದು ಹಾಳೆ ಬರೆದಿಡಿ. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು, ಯಾವುದು ಕೆಟ್ಟರೆ ಕೃತಿ ಮುಗಿಯಿತೆಂದು ಭಾವಿಸಬೇಕು, ಇಷ್ಟು ಸಾಕು. ವಿಡಿಯೊ ಇದ್ದರೆ ಎಡಿಟಿಂಗ್ ಮುಗಿದ ಪೂರ್ಣ ಗುಣಮಟ್ಟದ ಫೈಲನ್ನೇ ಕೊಡಿ, ಪ್ರದರ್ಶನಕ್ಕೆಂದು ಕುಗ್ಗಿಸಿದ್ದನ್ನಲ್ಲ. ಪರದೆಯ ಅಳತೆ, ಧ್ವನಿಯ ಮಟ್ಟ, ಕೋಣೆಯ ಕತ್ತಲೆಯನ್ನೂ ನಮೂದಿಸಿ. ನಾಳೆ ನಿಮ್ಮ ಮನಸ್ಸು ಬದಲಾದರೆ ಹಳೆಯ ಹಾಳೆ ಹರಿಯಬೇಡಿ. ಹೊಸದಕ್ಕೆ ತಾರೀಖು ಹಾಕಿ ಅದರ ಜೊತೆಗೇ ಇಡಿ.