ಒಳಗಿನ ಮಾತು ಹೊರಗೆ ಬಂದಾಗ: ಬೇಸ್‌ಬಾಲ್ ಪುಸ್ತಕಗಳ ಹಳೇ ಜಗಳ

ಬೆಂಗಳೂರಿನ ಯಾವುದಾದರೂ ಐಟಿ ಆಫೀಸಿನಲ್ಲಿ ಒಂದು ವಾರ ಕೂತರೆ ಸಾಕು, ಬೇಸ್‌ಬಾಲ್ ಕಿವಿಗೆ ಬಿದ್ದೇ ಬೀಳುತ್ತದೆ. ಅಂದಾಜು ಲೆಕ್ಕ ಬೇಕಾದರೆ ‘ಒಂದು ಬಾಲ್‌ಪಾರ್ಕ್ ನಂಬರ್ ಕೊಡಿ’ ಅಂತಾರೆ. ಮತ್ತೆ ಮಾತಾಡೋಣ ಅನ್ನಲು ‘ನಾಳೆ ಟಚ್ ಬೇಸ್ ಮಾಡೋಣ’ ಅಂತಾರೆ. ಕ್ಲೈಂಟ್ ಕೊನೇ ಗಳಿಗೆಯಲ್ಲಿ ಏನಾದರೂ ಹೊಸದು ಕೇಳಿದರೆ ‘ಕರ್ವ್‌ಬಾಲ್ ಹಾಕಿದ’ ಅಂತಾರೆ. ಹೀಗೆ ಮಾತಾಡುವ ಎಷ್ಟೋ ಜನ ಒಂದೇ ಒಂದು ಬೇಸ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿಲ್ಲ. ಆಟ ನಮ್ಮಲ್ಲಿಗೆ ಬರಲಿಲ್ಲ, ಅದರ ಮಾತು ಬಂತು.

ಅಮೆರಿಕದಲ್ಲೂ ಹೆಚ್ಚುಕಮ್ಮಿ ಇದೇ ಕಥೆ. 1970ರ ದಶಕದ ಶುರುವಿನಿಂದಲೇ ಗ್ಯಾಲಪ್ ಸಮೀಕ್ಷೆಗಳಲ್ಲಿ ಅಲ್ಲಿನವರ ಮೆಚ್ಚಿನ ಆಟ ಅಂದರೆ ಅವರದೇ ಬಗೆಯ ಫುಟ್‌ಬಾಲ್. ಆದರೂ ಕಾದಂಬರಿ, ಸಿನಿಮಾ, ಆತ್ಮಕಥೆ ಅಂತ ಬಂದರೆ ಬೇಸ್‌ಬಾಲಿನ ಮೇಲೆ ಅವರಿಗೆ ಇರುವ ಪ್ರೀತಿಯೇ ಬೇರೆ. ಜಗಳಗಳೂ ಅಷ್ಟೇ. ಕೆಲವು ವರ್ಷಕ್ಕೊಮ್ಮೆ ಯಾರೋ ಒಳಗಿನವರು ಬಾಯಿ ಬಿಡುತ್ತಾರೆ, ಇನ್ನರ್ಧ ಜನ ಅವರನ್ನು ದ್ರೋಹಿ ಅನ್ನುತ್ತಾರೆ. ಉಂಡ ಮನೆಯ ಜಂತೆ ಎಣಿಸಬಾರದು ಅಂತ ನಾವು ಹೇಳುತ್ತೇವಲ್ಲ, ಅದೇ ವಾದ. ಸ್ಟೀರಾಯ್ಡ್, ಸಂಬಳ, ಎದುರಾಳಿಯ ಸನ್ನೆಗಳ ಕಳ್ಳತನ ಎಲ್ಲ ಒಂದರೊಳಗೊಂದು ಸೇರಿಕೊಂಡು ಈಗ ಈ ವಾದ ಸಿಕ್ಕು ಸಿಕ್ಕಾಗಿದೆ. ಹಾಗಾಗಿ ಮೊದಲಿನಿಂದ ನೋಡುವುದು ಒಳ್ಳೆಯದು.

ಈ ಆಟಕ್ಕೆ ಕಥೆ ಕಟ್ಟಿಕೊಳ್ಳುವ ಹುಚ್ಚು ಶುರುವಿನಿಂದಲೂ ಇದೆ. 1888ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದರಲ್ಲಿ ‘ಕೇಸಿ ಅಟ್ ದ ಬ್ಯಾಟ್’ ಅನ್ನುವ ಪದ್ಯ ಬಂತು. ಊರಿನ ಹೀರೋ ಕೊನೆಗೆ ಔಟಾಗಿ ಊರಿಗೆ ಊರೇ ಸಪ್ಪಗಾಗುವ ಪದ್ಯ ಅದು. ತಲೆಮಾರುಗಳು ಅದನ್ನು ಬಾಯಿಪಾಠ ಮಾಡಿವೆ. 1907ರ ಕೊನೆಗೆ ಒಂದು ಸಮಿತಿ, ಅಬ್ನರ್ ಡಬಲ್‌ಡೇ ಅನ್ನುವ ಸೇನಾಧಿಕಾರಿ 1839ರಲ್ಲಿ ಕೂಪರ್ಸ್‌ಟೌನ್ ಎಂಬ ಚಿಕ್ಕ ಊರಿನಲ್ಲಿ ಈ ಆಟ ಕಂಡುಹಿಡಿದ ಅಂತ ತೀರ್ಪು ಕೊಟ್ಟಿತು. ಅದು ನಿಜವಲ್ಲ. ಇಂಗ್ಲೆಂಡಿನಿಂದ ಬಂದ ಹಳೇ ಚೆಂಡು-ಕೋಲಿನ ಆಟಗಳು ನಿಧಾನವಾಗಿ ಬೆಳೆದು ಬೇಸ್‌ಬಾಲ್ ಆದವು. ಆದರೂ 1939ರಲ್ಲಿ ಆಟದ ದಿಗ್ಗಜರನ್ನು ಗೌರವಿಸುವ ಹಾಲ್ ಆಫ್ ಫೇಮ್ ಕೂಪರ್ಸ್‌ಟೌನಿನಲ್ಲೇ ತೆರೆಯಿತು, ಇವತ್ತಿಗೂ ಅಲ್ಲೇ ಇದೆ.

1960ರ ತನಕದ ಐವತ್ತು ವರ್ಷ ಒಂದೇ ಸಾಲಿನಲ್ಲಿ ಹೇಳಿಬಿಡಬಹುದು: ಆಟಗಾರರ ಹೆಸರಿನಲ್ಲಿ ಪುಸ್ತಕ ಬರುತ್ತಿತ್ತು, ಬರೆಯುತ್ತಿದ್ದವರು ಹೆಚ್ಚಾಗಿ ಪತ್ರಕರ್ತರು. ಪಿಚರ್ (ಚೆಂಡು ಎಸೆಯುವವನು) ಕ್ರಿಸ್ಟಿ ಮ್ಯಾಥ್ಯೂಸನ್ ಹೆಸರಲ್ಲಿ 1912ರಲ್ಲಿ ಬಂದದ್ದೂ ಹಾಗೇ, ದೊಡ್ಡ ತಾರೆ ಬೇಬ್ ರೂತ್ ಹೆಸರಲ್ಲಿ ಬಂದ ಲೇಖನಗಳೂ ಹಾಗೇ. ಪತ್ರಕರ್ತರು ತಂಡದ ಜೊತೆಗೇ ರೈಲಿನಲ್ಲಿ ಹೋಗುತ್ತಿದ್ದರು, ಎಷ್ಟೋ ಸಲ ಖರ್ಚು ಕೂಡ ಕ್ಲಬ್ಬಿನದೇ. ಯಾರು ಎಷ್ಟು ಕುಡಿದರು, ಯಾರು ಯಾರ ಮೇಲೆ ಕೈಮಾಡಿದರು ಅನ್ನುವುದನ್ನು ಕಣ್ಣಾರೆ ನೋಡಿಯೂ ಬರೆಯುತ್ತಿರಲಿಲ್ಲ. ಹುಡುಗರ ಕೈಗೆ ಹೋದ ಪುಸ್ತಕಗಳಲ್ಲಿ ಇದ್ದದ್ದು ಹಾಲು ಕುಡಿದು ಬೇಗ ಮಲಗುವ ವೀರರು.

ಈ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು 1960ರಲ್ಲಿ. ಜಿಮ್ ಬ್ರಾಸ್ನನ್ ಅನ್ನುವ ಪಿಚರ್, ಕನ್ನಡಕ ಹಾಕಿಕೊಂಡು ಸದಾ ಪುಸ್ತಕ ಹಿಡಿದಿರುತ್ತಿದ್ದ ಮನುಷ್ಯ, ತಂಡದವರು ‘ಪ್ರೊಫೆಸರ್’ ಅಂತಲೇ ಕರೆಯುತ್ತಿದ್ದರು. 1959ರ ಸೀಸನ್ ಪೂರ್ತಿ ಡೈರಿ ಇಟ್ಟು, ಯಾರ ಸಹಾಯವೂ ಇಲ್ಲದೆ ತಾನೇ ಬರೆದು ‘ದ ಲಾಂಗ್ ಸೀಸನ್’ ಅಂತ ಪ್ರಕಟಿಸಿದರು. ಅದರಲ್ಲಿ ಹಗರಣ ಅನ್ನುವಂಥದ್ದು ಏನೂ ಇರಲಿಲ್ಲ. ಬೇಜಾರು, ಭಯ, ಇನ್ನೊಂದು ತಂಡಕ್ಕೆ ಮಾರಿಬಿಟ್ಟಾಗ ಆಗುವ ಅವಮಾನ, ಇಷ್ಟೇ. ಅಷ್ಟಕ್ಕೇ ಅವರ ಮೇಲೆ ಸಿಟ್ಟಾದರು.

ಹತ್ತು ವರ್ಷದ ನಂತರ ಬಂದದ್ದು ಜಿಮ್ ಬೌಟನ್ ಬರೆದ ‘ಬಾಲ್ ಫೋರ್’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಈಗಿನ ಜಗಳದ ಬೇರು ಇಲ್ಲೇ ಇದೆ.

ಜಿಮ್ ಬೌಟನ್ ನ್ಯೂಯಾರ್ಕ್ ಯಾಂಕೀಸ್ ತಂಡದ ಪಿಚರ್. 1963ರಲ್ಲಿ 21 ಪಂದ್ಯ ಗೆದ್ದರು (ಬೇಸ್‌ಬಾಲಿನಲ್ಲಿ ತಂಡದ ಗೆಲುವನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ). ಮೈಯೆಲ್ಲ ಬಳಸಿ ಎಷ್ಟು ಜೋರಾಗಿ ಎಸೆಯುತ್ತಿದ್ದರು ಅಂದರೆ ಚೆಂಡು ಬಿಡುವ ಹೊತ್ತಿಗೆ ತಲೆಯ ಟೋಪಿ ಕೆಳಗೆ ಬೀಳುತ್ತಿತ್ತು. 1965ರ ಹೊತ್ತಿಗೆ ತೋಳು ಕೈಕೊಟ್ಟಿತು, ಆ ವರ್ಷ ಗೆದ್ದದ್ದು ನಾಲ್ಕೇ. 1969ಕ್ಕೆ ಬಂದರೆ ಅವರು ಸಿಯಾಟಲ್ ಪೈಲಟ್ಸ್ ಅನ್ನುವ ಹೊಸ ತಂಡದಲ್ಲಿ ಇದ್ದಾರೆ, ಸಂಬಳ 22,000 ಡಾಲರ್, ಕೈಯಲ್ಲಿ ಉಳಿದಿರುವುದು ನಕಲ್‌ಬಾಲ್ ಒಂದೇ. ಈ ನಕಲ್‌ಬಾಲ್ ವಿಚಿತ್ರದ ಎಸೆತ. ಬೇಸ್‌ಬಾಲಿನ ಮೇಲೆ 108 ಜೋಡಿ ಹೊಲಿಗೆ ಇರುತ್ತವೆ. ಬೆರಳ ತುದಿಯನ್ನು ಚೆಂಡಿಗೆ ಊರಿ, ತಿರುಗಲು ಬಿಡದೆ, ಮೆಲ್ಲಗೆ ತಳ್ಳಿದಂತೆ ಎಸೆಯಬೇಕು. ಚೆಂಡು ತಿರುಗದೇ ಇದ್ದಾಗ ಆ ಹೊಲಿಗೆಗೆ ಗಾಳಿ ತಾಗಿ ಅದು ಅತ್ತಿತ್ತ ಓಲಾಡುತ್ತದೆ. ಬ್ಯಾಟ್ಸ್‌ಮನ್ನಿಗಿರಲಿ, ಎಸೆದವನಿಗೂ ಅದು ಎಲ್ಲಿ ಹೋಗುತ್ತದೆ ಅಂತ ಗೊತ್ತಿರುವುದಿಲ್ಲ. ಒಂದು ಕಾಲದಲ್ಲಿ ಬರೀ ಜೋರಿನಿಂದ ಗೆದ್ದವರು ಈಗ ಈ ಓಲಾಡುವ ಚೆಂಡನ್ನು ನಂಬಿ ಕೆಲಸ ಉಳಿಸಿಕೊಳ್ಳಬೇಕಿತ್ತು.

ಆ ವರ್ಷ ಪೂರ್ತಿ ಅವರು ಬರೆದಿಟ್ಟರು. ಹೋಟೆಲಿನ ಕಾಗದ, ಲಕೋಟೆ, ಕೈಗೆ ಸಿಕ್ಕ ಚೂರು ಪಾರು, ಎಲ್ಲದರ ಮೇಲೂ. ಟೇಪ್ ರೆಕಾರ್ಡರಿಗೂ ಮಾತಾಡಿದರು. ಲಿಯೊನಾರ್ಡ್ ಶೆಕ್ಟರ್ ಅನ್ನುವ ಪತ್ರಕರ್ತರು ಅದನ್ನೆಲ್ಲ ಜೋಡಿಸಿದರು. ಆಗಿನ ಡ್ರೆಸ್ಸಿಂಗ್ ರೂಮುಗಳಲ್ಲಿ ಒಂದು ಬೋರ್ಡ್ ಇರುತ್ತಿತ್ತು: ಇಲ್ಲಿ ಕಂಡದ್ದು, ಕೇಳಿದ್ದು, ಆಡಿದ್ದು ಇಲ್ಲೇ ಇರಲಿ. 1970ರಲ್ಲಿ ಪುಸ್ತಕ ಬಂದಾಗ ಆ ಬೋರ್ಡಿನ ಮಾತು ಮುರಿದಿತ್ತು.

ಅದರಲ್ಲಿ ಏನಿತ್ತು? ಆಟಗಾರರು ಆಡುವ ಮುಂಚೆ ‘ಗ್ರೀನೀಸ್’ ಅನ್ನುವ ಉತ್ತೇಜಕ ಮಾತ್ರೆ ನುಂಗುವುದು. ದೊಡ್ಡ ತಾರೆ ಮಿಕ್ಕಿ ಮ್ಯಾಂಟಲ್ ರಾತ್ರಿಯ ಕುಡಿತ ಇಳಿಯದೇ ಬಂದು ಹೋಮ್‌ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದದ್ದು, ಸಹಿ ಕೇಳಲು ಬಂದ ಮಕ್ಕಳ ಮುಖಕ್ಕೆ ಬಸ್ಸಿನ ಕಿಟಕಿ ಮುಚ್ಚಿದ್ದು. ಜನ ನೆನಪಿಟ್ಟುಕೊಂಡದ್ದು ಇದನ್ನೇ. ಅದೇ ಪುಸ್ತಕದಲ್ಲಿ ಇನ್ನೊಂದು ಇದೆ: 1962ರಲ್ಲಿ ಬೌಟನ್ ಮೊದಲ ಪಂದ್ಯ ಗೆದ್ದು ಡ್ರೆಸ್ಸಿಂಗ್ ರೂಮಿಗೆ ಬಂದಾಗ ಬಾಗಿಲಿಂದ ಅವರ ಲಾಕರ್ ತನಕ ಬಿಳಿ ಟವೆಲ್ ಹಾಸಿಟ್ಟಿತ್ತು, ಕೊನೇ ಟವೆಲ್ ಹಾಸುತ್ತಿದ್ದವರು ಮ್ಯಾಂಟಲ್. ಇದನ್ನು ಯಾರೂ ಎತ್ತಿ ಆಡಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ಮ್ಯಾಂಟಲ್ ಮೇಲೆ ನನಗೆ ಪ್ರೀತಿ ಹೆಚ್ಚಾಯಿತೇ ಹೊರತು ಕಮ್ಮಿಯಾಗಲಿಲ್ಲ.

ನಿಜವಾಗಿ ಬಿಸಿ ಮುಟ್ಟಿಸಿದ್ದು ದುಡ್ಡಿನ ಪುಟಗಳು ಅಂತ ನನಗೆ ಅನ್ನಿಸುತ್ತದೆ. 21 ಪಂದ್ಯ ಗೆದ್ದ ಮೇಲೆ ಬೌಟನ್ 20,000 ಡಾಲರ್ ಕೇಳಿದರು. ಸಹಿ ಹಾಕುವ ತನಕ ದಿನಕ್ಕೆ 100 ಡಾಲರ್ ದಂಡ ಅಂತ ಹೆದರಿಸಿ ಕ್ಲಬ್ 18,500ಕ್ಕೆ ಒಪ್ಪಿಸಿತು. ಆಗ ಇದ್ದ ‘ರಿಸರ್ವ್ ಕ್ಲಾಸ್’ ಅನ್ನುವ ನಿಯಮದ ಪ್ರಕಾರ ಒಮ್ಮೆ ಒಂದು ಕ್ಲಬ್ಬಿಗೆ ಸೇರಿದವನು ಅವರಾಗಿ ಬಿಡುವ ತನಕ ಅವರದೇ ಸ್ವತ್ತು. ಹಾಗಿದ್ದಾಗ ಚೌಕಾಸಿ ಎಲ್ಲಿಂದ ಬರಬೇಕು? ಅಭಿಮಾನಿಗಳಿಗೆ ಇದು ಗೊತ್ತೇ ಇರಲಿಲ್ಲ. ಆಟಗಾರರೆಲ್ಲ ಸುಖವಾಗಿದ್ದಾರೆ ಅಂದುಕೊಂಡಿದ್ದರು.

ಬೇಸ್‌ಬಾಲ್ ಆಡಳಿತದ ಮುಖ್ಯಸ್ಥರಾದ ಕಮಿಷನರ್, ಬೌಟನ್‌ರನ್ನು ಆಫೀಸಿಗೆ ಕರೆಸಿದರು. ಬರೆದದ್ದು ಸುಳ್ಳು ಅಂತ ಹೇಳಿಕೆಗೆ ಸಹಿ ಹಾಕಿಸುವ ಪ್ರಯತ್ನ ನಡೆಯಿತು. ಅವರು ಹಾಕಲಿಲ್ಲ. ಒಬ್ಬ ಅಂಕಣಕಾರರು ಅವರನ್ನು ಸಮಾಜದಿಂದ ದೂರ ಇಡಬೇಕಾದ ಕುಷ್ಠರೋಗಿ ಅನ್ನುವ ಅರ್ಥದಲ್ಲಿ ಬರೆದರು. ಒಂದು ತಂಡದವರು ಪುಸ್ತಕದ ಪ್ರತಿ ಸುಟ್ಟು, ಬೌಟನ್ ಕಣ್ಣಿಗೆ ಬೀಳಲಿ ಅಂತ ಡ್ರೆಸ್ಸಿಂಗ್ ರೂಮಿನಲ್ಲಿ ಇಟ್ಟರು. ಈ ಗಲಾಟೆಯಿಂದಲೇ ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಯಾಂಕೀಸ್ ಪ್ರತಿ ವರ್ಷ ಹಳೇ ಆಟಗಾರರನ್ನು ಕರೆಸಿ ಮಾಡುವ ಹಬ್ಬಕ್ಕೆ ಮಾತ್ರ 28 ವರ್ಷ ಅವರಿಗೆ ಕರೆ ಬರಲಿಲ್ಲ. 1997ರಲ್ಲಿ ಮಗಳು ಕಾರು ಅಪಘಾತದಲ್ಲಿ ತೀರಿಕೊಂಡಳು. ಮರುವರ್ಷ ಅಪ್ಪಂದಿರ ದಿನ ಮಗ ನ್ಯೂಯಾರ್ಕ್ ಟೈಮ್ಸಿನಲ್ಲಿ ಬಹಿರಂಗ ಪತ್ರ ಬರೆದು ಅಪ್ಪನನ್ನು ಕರೆಯಿರಿ ಅಂತ ಕೇಳಿಕೊಂಡ. ಆ ಜುಲೈನಲ್ಲಿ ಬೌಟನ್ ತಮ್ಮ ಹಳೇ 56ನೇ ನಂಬರಿನ ಅಂಗಿ ತೊಟ್ಟು ಮೈದಾನಕ್ಕೆ ಇಳಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಆ ಪುಸ್ತಕ ಸುಳ್ಳು ಅಂದವರಿಗೆ ಇತಿಹಾಸವೇ ಉತ್ತರ ಕೊಟ್ಟಿದೆ. 1975ರ ಡಿಸೆಂಬರಿನಲ್ಲಿ ಮಧ್ಯಸ್ಥಿಕೆಯ ತೀರ್ಪೊಂದು ರಿಸರ್ವ್ ಕ್ಲಾಸಿನ ಬೆನ್ನು ಮುರಿಯಿತು. ಗ್ರೀನೀಸ್ ಬಗೆಯ ಮಾತ್ರೆಗಳಿಗೆ ಅಲ್ಲಿನ ಅತಿ ದೊಡ್ಡ ಮಟ್ಟದ ಬೇಸ್‌ಬಾಲ್ ಆದ ಮೇಜರ್ ಲೀಗಿನಲ್ಲಿ ಪರೀಕ್ಷೆ ಶುರುವಾದದ್ದು 2006ರಲ್ಲಿ, ಅಂದರೆ ಬೌಟನ್ ಬರೆದು 36 ವರ್ಷ ಆದ ಮೇಲೆ.

ನಡುವೆ ಇನ್ನೊಂದು ದಾರಿಯ ಪುಸ್ತಕಗಳೂ ಬಂದವು, ಆಟಗಾರರನ್ನು ಅಂಕಿಅಂಶದಿಂದ ಅಳೆಯುವ ದಾರಿ. ಕ್ಯಾನ್ಸಸ್‌ನ ಡಬ್ಬಿ ಆಹಾರದ ಕಾರ್ಖಾನೆಯಲ್ಲಿ ರಾತ್ರಿ ಕಾವಲು ಮಾಡುತ್ತಿದ್ದ ಬಿಲ್ ಜೇಮ್ಸ್ 1977ರಲ್ಲಿ ತಾವೇ ಅಚ್ಚು ಹಾಕಿಸಿದ ಪುಸ್ತಕದಿಂದ ಹೊರಟದ್ದು 2003ರ ‘ಮನಿಬಾಲ್’ ತನಕ ಬಂತು. ಓಕ್ಲೆಂಡ್ ತಂಡ ಕಮ್ಮಿ ದುಡ್ಡಿನಲ್ಲಿ 2002ರಲ್ಲಿ 103 ಪಂದ್ಯ ಗೆದ್ದದ್ದು ಹೇಗೆ ಅನ್ನುವ ಕಥೆ ಅದು. ಇವತ್ತು ನಮ್ಮ ಐಪಿಎಲ್ ಹರಾಜಿನ ಟೇಬಲ್ಲಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವವರ ಮಾತಲ್ಲೂ ಆ ಹೆಸರು ಬರುತ್ತದೆ. ಆಗಲೂ ಜಗಳ ಆಯಿತು, ಕಣ್ಣಂದಾಜಿನಲ್ಲಿ ಆಟಗಾರರನ್ನು ಹುಡುಕುತ್ತಿದ್ದ ಹಳೇ ಸ್ಕೌಟ್‌ಗಳು ಬೇಜಾರು ಮಾಡಿಕೊಂಡರು. 2005ರಲ್ಲಿ ಮಾಜಿ ಆಟಗಾರ ಹೊಸೆ ಕ್ಯಾನ್ಸೆಕೋ ತಾನೂ ಸ್ಟೀರಾಯ್ಡ್ ತಗೊಂಡೆ, ಬೇರೆಯವರಿಗೂ ಚುಚ್ಚಿದೆ ಅಂತ ಪುಸ್ತಕ ಬರೆದರು. ಮೊದಲು ಎಲ್ಲರೂ ಸುಳ್ಳುಗಾರ ಅಂದರು, 2007ರ ಕೊನೆಗೆ ಲೀಗೇ ಮಾಡಿಸಿದ ತನಿಖೆಯ ವರದಿ ಹತ್ತಾರು ಹೆಸರುಗಳನ್ನು ಹೊರಗೆ ತಂದಿತು. ಕ್ಯಾನ್ಸೆಕೋ ಬರೆದದ್ದು ಆಟದ ಮೇಲಿನ ಪ್ರೀತಿಯಿಂದ ಅಂತ ನಾನು ಹೇಳಲಾರೆ. ಆದರೆ ಬರೆಯದೇ ಇದ್ದಿದ್ದರೆ ಆ ತನಿಖೆ ಅಷ್ಟು ಬೇಗ ಆಗುತ್ತಿತ್ತಾ?

ಬೌಟನ್ 2019ರ ಜುಲೈನಲ್ಲಿ 80ನೇ ವಯಸ್ಸಿನಲ್ಲಿ ತೀರಿಕೊಂಡರು. ನಾಲ್ಕು ತಿಂಗಳಾಗುವಷ್ಟರಲ್ಲಿ ಮತ್ತೊಬ್ಬ ಪಿಚರ್ ಬಾಯಿ ಬಿಟ್ಟರು. ಮೈಕ್ ಫಯರ್ಸ್ ಅಂತ, ಹ್ಯೂಸ್ಟನ್ ತಂಡದಲ್ಲಿ ಆಡಿ ಹೋದವರು. 2017ರಲ್ಲಿ ಚಾಂಪಿಯನ್ ಆದ ವರ್ಷ ಹ್ಯೂಸ್ಟನ್ನಿನವರು ಕ್ಯಾಮೆರಾ ಇಟ್ಟು, ಯಾವ ಎಸೆತ ಹಾಕಬೇಕು ಅಂತ ಎದುರಾಳಿ ಕ್ಯಾಚರ್ (ಬ್ಯಾಟ್ಸ್‌ಮನ್ನಿನ ಹಿಂದೆ ಕೂತು ಚೆಂಡು ಹಿಡಿಯುವವನು) ತನ್ನ ಪಿಚರಿಗೆ ಮಾಡುವ ಸನ್ನೆ ಕದಿಯುತ್ತಿದ್ದರು, ನಿಧಾನದ ಎಸೆತ ಬರುವಾಗ ಕಸದ ಡ್ರಮ್ಮು ಬಡಿದು ಬ್ಯಾಟ್ಸ್‌ಮನ್ನಿಗೆ ಸುಳಿವು ಕೊಡುತ್ತಿದ್ದರು ಅಂತ ತಮ್ಮ ಹೆಸರು ಮುಚ್ಚಿಡದೆ ಹೇಳಿದರು. ಹಳೇ ವಿಡಿಯೋ ಹಾಕಿ ಕೇಳಿದರೆ ಆ ಡಬ್ ಡಬ್ ಸದ್ದು ಯಾರಿಗಾದರೂ ಕೇಳಿಸುತ್ತದೆ. ತಂಡಕ್ಕೆ 50 ಲಕ್ಷ ಡಾಲರ್ ದಂಡ ಬಿತ್ತು. ಆದರೂ ಫಯರ್ಸ್ ಅವರನ್ನೇ ಚಾಡಿಕೋರ ಅಂದವರಿದ್ದರು. ಅಲ್ಲೇ ಇದ್ದಾಗ ಯಾಕೆ ಹೇಳಲಿಲ್ಲ ಅಂತ ಕೇಳಿದರು.

‘ಬಾಲ್ ಫೋರ್’ ಬಂದಾಗ ಬೌಟನ್ ಆಡುತ್ತಿದ್ದದ್ದೂ ಇದೇ ಹ್ಯೂಸ್ಟನ್ನಿಗೆ. ಅವರು ಹೋಟೆಲ್ ರೂಮುಗಳಲ್ಲಿ ಗೀಚಿಟ್ಟ ಆ ಚೀಟಿಗಳು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.