ರೋಮಾನ್ಸ್: ಕುದುರೆ, ಕತ್ತಿ, ತಡವಾಗಿ ಬಂದ ಕಾಗದ

ರಾಜಕುಮಾರನೊಬ್ಬ ಬೇಟೆಗೆ ಹೋದವನು ಕಿನ್ನರರ ಜೋಡಿಯೊಂದನ್ನು ಕಾಣುತ್ತಾನೆ. ಹಿಡಿದೇ ಬಿಡೋಣ ಅಂತ ಕುದುರೆ ಓಡಿಸುತ್ತಾನೆ. ಕಿನ್ನರರು ಬೆಟ್ಟ ಹತ್ತಿ ಮಾಯ. ಹಿಂದೆ ತಿರುಗಿದರೆ ಜೊತೆಗಾರರು ಯಾರೂ ಇಲ್ಲ, ಬಂದ ದಾರಿಯೂ ಗೊತ್ತಿಲ್ಲ. ನೀರು ಹುಡುಕಿಕೊಂಡು ಹೋದವನಿಗೆ ಒಂದು ಸರೋವರ ಸಿಗುತ್ತದೆ. ಎಲ್ಲಿಂದಲೋ ವೀಣೆಯ ನಾದ ಕೇಳುತ್ತದೆ. ವೀಣೆ ನುಡಿಸುತ್ತಿದ್ದ ತಪಸ್ವಿನಿ ಇವನನ್ನು ತನ್ನ ಗೆಳತಿಯ ಮನೆಗೆ ಕರೆದೊಯ್ಯುತ್ತಾಳೆ. ಗೆಳತಿಯನ್ನು ನೋಡಿದ್ದೇ ತಡ, ಹುಡುಗ ಮನಸೋತ. ಇನ್ನೇನು ಮಾತು ಮುಂದುವರಿಯಬೇಕು, ಅಷ್ಟರಲ್ಲಿ ಅಪ್ಪನ ಕಾಗದ: ಕೂಡಲೇ ಊರಿಗೆ ಹೊರಟು ಬಾ.

ಆ ಗೆಳತಿಯ ಹೆಸರು ಕಾದಂಬರಿ.

7ನೇ ಶತಮಾನದ ಬಾಣಭಟ್ಟ ಸಂಸ್ಕೃತದಲ್ಲಿ ಬರೆದ ಕಥೆ ಇದು. ನಾಗವರ್ಮ ಇದನ್ನು ಹಳಗನ್ನಡಕ್ಕೆ ತಂದ. ಮುಂದೆ 'ನಾವೆಲ್' ಅನ್ನುವುದಕ್ಕೆ ನಮ್ಮದೇ ಒಂದು ಪದ ಬೇಕಾದಾಗ ಕನ್ನಡ, ಮರಾಠಿ ಎರಡೂ ಈ ನಾಯಕಿಯ ಹೆಸರನ್ನೇ ಎತ್ತಿಕೊಂಡವು. ಹಾಗಾಗಿ ಹಳ್ಳಿಯ ಬಡತನದ ಬಗ್ಗೆ ಬರೆದದ್ದಿರಲಿ, ಆಫೀಸಿನ ಕಿರಿಕಿರಿಯ ಬಗ್ಗೆ ಬರೆದದ್ದಿರಲಿ, ಪ್ರತಿ ಪುಸ್ತಕದ ಮೇಲೂ ನಾವು ಅಚ್ಚು ಹಾಕುವುದು ಒಬ್ಬ ಗಂಧರ್ವ ಹುಡುಗಿಯ ಹೆಸರನ್ನು. ಇದು ನೆನಪಾದಾಗಲೆಲ್ಲ ನನಗೆ ಒಂಚೂರು ನಗು ಬರುತ್ತದೆ.

ಮೇಲಿನ ಕಥೆಯನ್ನು ಇನ್ನೊಮ್ಮೆ ನೋಡಿ. ಕುದುರೆ, ತಪ್ಪಿದ ದಾರಿ, ಕಂಡ ಕೂಡಲೇ ಪ್ರೀತಿ, ಬೇಡದ ಹೊತ್ತಿಗೆ ಬಂದ ಕಾಗದ. ಇಂಗ್ಲಿಷಿನವರು 'ರೋಮಾನ್ಸ್' ಅಂತ ಕರೆಯುವ ಕಥೆಯ ಸಾಮಾನೆಲ್ಲ ಇಲ್ಲೇ ಇದೆ.

ಆದರೆ ರೋಮಾನ್ಸ್ ಅನ್ನುವ ಪದಕ್ಕೆ ಮೊದಲು ಪ್ರೀತಿಯ ಅರ್ಥವೇ ಇರಲಿಲ್ಲ. ಅದರ ಬೇರು ರೋಮ್ ಪಟ್ಟಣ. ಮಧ್ಯಯುಗದ ಫ್ರಾನ್ಸಿನಲ್ಲಿ ಪಂಡಿತರು ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಜನ ಆಡುತ್ತಿದ್ದ, ಲ್ಯಾಟಿನ್‌ನಿಂದಲೇ ಹುಟ್ಟಿದ ಮಾತಿಗೆ 'ರೊಮಾನ್ಜ್' ಅನ್ನುತ್ತಿದ್ದರು. ಅಂದರೆ ಆಡುಭಾಷೆ. ಆಡುಭಾಷೆಯಲ್ಲಿ ಜನ ಏನು ಕೇಳುತ್ತಿದ್ದರು? ಧರ್ಮಶಾಸ್ತ್ರ ಅಂತೂ ಅಲ್ಲ. ವೀರರ ಕಥೆ, ರಾಣಿಯರ ಕಥೆ, ಮಾಯಾವಿಗಳ ಕಥೆ. ಬರಬರುತ್ತಾ ಭಾಷೆಯ ಹೆಸರೇ ಕಥೆಯ ಹೆಸರಾಯಿತು. ಫ್ರೆಂಚ್, ಜರ್ಮನ್‌ನಲ್ಲಿ ಇವತ್ತಿಗೂ ಕಾದಂಬರಿಗೆ 'ರೋಮಾನ್' ಎಂದೇ ಹೆಸರು. ಪ್ರೀತಿ ಪ್ರೇಮ ಅನ್ನುವ ಅರ್ಥ ಈ ಪದಕ್ಕೆ ಅಂಟಿಕೊಂಡದ್ದು ಆ ಕಥೆಗಳಲ್ಲಿ ಪ್ರೀತಿ ಜಾಸ್ತಿ ಇದ್ದುದರಿಂದ.

ಆ ಹಳೆಯ ಕಥೆಗಳಲ್ಲಿ ಒಂದು ನನಗೆ ಬಹಳ ಇಷ್ಟ. 12ನೇ ಶತಮಾನದ ಫ್ರೆಂಚ್ ಕವಿ ಕ್ರೆಟಿಯಾನ್ ದ ತ್ರುವಾ ಹೇಳಿದ್ದು. ರಾಣಿ ಗಿನವಿಯರಳನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ. ವೀರ ಲಾನ್ಸಲಾಟ್ ಬೆನ್ನಟ್ಟಿದ್ದಾನೆ. ಅವನ ಕುದುರೆ ಸತ್ತಿದೆ. ಎದುರಿಗೆ ಒಂದು ಗಾಡಿ ಬರುತ್ತದೆ. ಗಾಡಿಯವನು, 'ಹತ್ತಿಕೋ, ರಾಣಿಯ ಸುದ್ದಿ ತಿಳಿಯುತ್ತದೆ' ಅನ್ನುತ್ತಾನೆ. ಆದರೆ ಅದು ಕಳ್ಳರು, ಕೊಲೆಗಾರರನ್ನು ಮೆರವಣಿಗೆ ಮಾಡುವ ಗಾಡಿ. ಹತ್ತಿದರೆ ಮಾನ ಹೋದಂತೆ. ಲಾನ್ಸಲಾಟ್ ಹಿಂದೆಮುಂದೆ ನೋಡುತ್ತಾನೆ. ಎಷ್ಟು ಹೊತ್ತು? ಎರಡೇ ಹೆಜ್ಜೆ. ಆಮೇಲೆ ಹತ್ತುತ್ತಾನೆ. ಕತ್ತಿಯಂಥ ಸೇತುವೆಯನ್ನು ಬರಿಗಾಲಲ್ಲಿ ದಾಟಿ, ರಕ್ತ ಸುರಿಸಿಕೊಂಡು ರಾಣಿಯನ್ನು ತಲುಪುತ್ತಾನೆ. ಅವಳು ಮುಖ ತಿರುಗಿಸುತ್ತಾಳೆ. ಯಾಕಂತೆ? ಆ ಎರಡು ಹೆಜ್ಜೆಗೆ.

ಕತ್ತಿಯ ಸೇತುವೆ, ರಕ್ತ, ಕಾಳಗ ಎಲ್ಲ ಒಂದು ಕಡೆ, ಆ ಎರಡು ಹೆಜ್ಜೆ ಇನ್ನೊಂದು ಕಡೆ. ತಕ್ಕಡಿ ಎರಡು ಹೆಜ್ಜೆಯ ಕಡೆಗೇ ವಾಲುತ್ತದೆ. ರೋಮಾನ್ಸ್ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಗಾಡಿಯ ಕಥೆ ಹೇಳಿಬಿಡುತ್ತೇನೆ. ಇಲ್ಲಿ ಸಾಹಸ ಬೇರೆ, ಪ್ರೀತಿ ಬೇರೆ ಅಂತ ಬಿಡಿಸಲು ಆಗುವುದಿಲ್ಲ. ಸಾಹಸವೇ ಪ್ರೀತಿಯ ಅಳತೆಗೋಲು. ನಮ್ಮ ವಿಮರ್ಶಕರು ಬಳಸುವ 'ಅದ್ಭುತ ರಮ್ಯ' ಅನ್ನುವ ಮಾತಿನಲ್ಲಿ ಎರಡೂ ಒಟ್ಟಿಗೆ ಬಂದಿವೆ. ನನಗಂತೂ ಅದು ಇಂಗ್ಲಿಷ್ ಪದಕ್ಕಿಂತ ಚೆನ್ನಾಗಿದೆ ಅನಿಸುತ್ತದೆ.

18ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ನಾವೆಲ್ ಬೇರೆ, ರೋಮಾನ್ಸ್ ಬೇರೆ ಅಂತ ಪಾಲಾಯಿತು. 1785ರಲ್ಲಿ ಕ್ಲಾರಾ ರೀವ್ ಎಂಬ ಲೇಖಕಿ ಗೆರೆ ಎಳೆದು ಹೇಳಿದರು: ನಾವೆಲ್ ನಮ್ಮ ಕಾಲದ, ನಿಜ ಬದುಕಿನ ಚಿತ್ರ, ರೋಮಾನ್ಸ್ ಎಂದೂ ನಡೆಯದ, ನಡೆಯಲಾರದ ಸಂಗತಿಯನ್ನು ದೊಡ್ಡ ಮಾತಿನಲ್ಲಿ ಹೇಳುವುದು. ಈ ಮಾತಿನಲ್ಲಿ ರೋಮಾನ್ಸ್‌ಗೆ ಸ್ವಲ್ಪ ಕಡಿಮೆ ಮಣೆ ಹಾಕಿದ ಹಾಗೂ ಕೇಳಿಸುತ್ತದೆ. ಆ ತಾತ್ಸಾರ ಇವತ್ತಿಗೂ ಪೂರ್ತಿ ಹೋಗಿಲ್ಲ.

ಹಾಗಾದರೆ ಈ ರೋಮಾನ್ಸ್‌ಗೆ ಇತಿಹಾಸ ಬಂದು ಸೇರಿ ಅದು 'ಐತಿಹಾಸಿಕ ರೋಮಾನ್ಸ್' ಆದದ್ದು ಯಾವಾಗ? 1814ರಲ್ಲಿ ಸ್ಕಾಟ್ಲೆಂಡಿನ ವಾಲ್ಟರ್ ಸ್ಕಾಟ್ ತಮ್ಮ ಮೊದಲ ಕಾದಂಬರಿ 'ವೇವರ್ಲಿ'ಯನ್ನು ಹೆಸರು ಹಾಕದೆ ಪ್ರಕಟಿಸಿದರು. ಅದಕ್ಕೆ 'ಅರವತ್ತು ವರ್ಷಗಳ ಹಿಂದೆ' ಅನ್ನುವ ಅರ್ಥದ ಅಡಿಬರಹ ಇತ್ತು. ಕಥೆ ಬ್ರಿಟನ್ನಿನ ದೊರೆಯ ವಿರುದ್ಧ ಸ್ಕಾಟ್ಲೆಂಡಿನಲ್ಲಿ ಎದ್ದ 1745ರ ದಂಗೆಯದು, ಕಥೆ ಹೇಳುವವನು ಇರುವುದು 1805ರಲ್ಲಿ. ಅರವತ್ತು ವರ್ಷ ಅನ್ನುವುದು ಬಹಳ ಜಾಣ ಅಳತೆ. ಅಜ್ಜ ನೋಡಿದ್ದು, ಮೊಮ್ಮಗ ಕೇಳಿದ್ದು. ತೀರಾ ಹತ್ತಿರವಾದರೆ ಅದು ಸುದ್ದಿ, ತೀರಾ ದೂರವಾದರೆ ಪುರಾಣ. ಸ್ಕಾಟ್ ನಡುವೆ ನಿಂತರು. ರೋಮಾನ್ಸಿನ ಕುದುರೆಗೆ ನಿಜವಾದ ರಸ್ತೆ, ನಿಜವಾದ ತಾರೀಖು ಕೊಟ್ಟರು. ಇವತ್ತು ಎಡಿನ್‌ಬರೋದ ದೊಡ್ಡ ರೈಲು ನಿಲ್ದಾಣದ ಹೆಸರು ವೇವರ್ಲಿ. ಒಂದು ಕಾದಂಬರಿಯ ಹೆಸರು ಹೊತ್ತ ರೈಲ್ವೆ ಸ್ಟೇಷನ್!

ಈಗ ಅಸಲಿ ಪ್ರಶ್ನೆಗೆ ಬರೋಣ. ಇಂಥ ಕಥೆ ನಮ್ಮನ್ನು ಯಾಕೆ ಹಿಡಿದು ಕೂರಿಸುತ್ತದೆ? ಸುಮ್ನೆ ಕತ್ತಿವರಸೆಗಾಗಿ, ರೇಷ್ಮೆ ಉಡುಪಿಗಾಗಿ ಅಂದರೆ ಅರ್ಧ ಉತ್ತರ ಅಷ್ಟೇ. ನನ್ನ ಪ್ರಕಾರ ಹಳೆಯ ಕಾಲ ಕಥೆಗಾರನಿಗೆ ಪುಕ್ಕಟೆಯಾಗಿ ಕೊಡುವ ಒಂದು ವಸ್ತು ಇದೆ. ಅದು ತಡ.

ನಾಯಕ ಸತ್ತಿದ್ದಾನೆ ಅಂತ ನಾಯಕಿಗೆ ಸುಳ್ಳು ಸುದ್ದಿ ಬರುತ್ತದೆ ಅನ್ನಿ. ಈಗಿನ ಕಥೆಯಾದರೆ ಅವಳು ಒಂದು ಫೋನ್ ಮಾಡಿದರೆ ಮುಗಿಯಿತು. ಲೇಖಕ ಪಾಪ ಬ್ಯಾಟರಿ ಖಾಲಿ ಮಾಡಿಸಬೇಕು, ಸಿಗ್ನಲ್ ಕಡಿಸಬೇಕು. ಮುನ್ನೂರು ವರ್ಷ ಹಿಂದಿನ ಕಥೆಗೆ ಆ ತಿಪ್ಪರಲಾಗವೇ ಬೇಡ. ಕಾಗದ ಹಡಗಿನಲ್ಲಿ ಬರಬೇಕು. ಗಾಳಿ ಬೀಸಬೇಕು. ಕುದುರೆ ಕುಂಟಬಾರದು. ಸವಾರ ಪ್ರಾಮಾಣಿಕನಾಗಿರಬೇಕು. ಅಷ್ಟರೊಳಗೆ ಅವಳು ಇನ್ನೊಬ್ಬನಿಗೆ ಮಾತು ಕೊಟ್ಟುಬಿಡಬಹುದು. ಸಾಹಸಕ್ಕೆ ದೂರ ಬೇಕು, ಪ್ರೀತಿಗೆ ಅಡ್ಡಿ ಬೇಕು. ಹಳೆಯ ಕಾಲ ಎರಡನ್ನೂ ಒಂದೇ ಏಟಿಗೆ ಕೊಡುತ್ತದೆ.

ಒಂದು ಕಾಕತಾಳೀಯ ಹೇಳುತ್ತೇನೆ. 1844ರ ಮಾರ್ಚ್‌ನಿಂದ ಜುಲೈವರೆಗೆ ಪ್ಯಾರಿಸ್ಸಿನ ಪತ್ರಿಕೆಯೊಂದರಲ್ಲಿ ಅಲೆಕ್ಸಾಂಡರ್ ಡ್ಯೂಮಾ ಅವರ 'ತ್ರೀ ಮಸ್ಕಿಟಿಯರ್ಸ್' ಧಾರಾವಾಹಿಯಾಗಿ ಬಂತು. ಅದರ ಬಲು ಹೆಸರಾದ ಭಾಗದಲ್ಲಿ ನಾಲ್ವರು ಗೆಳೆಯರು ರಾಣಿಯ ವಜ್ರಗಳನ್ನು ವಾಪಸ್ ತರಲು ಲಂಡನ್ ಕಡೆಗೆ ಓಡುತ್ತಾರೆ. ದಾರಿಯುದ್ದಕ್ಕೂ ಒಬ್ಬೊಬ್ಬರಾಗಿ ಉದುರಿ, ಕೊನೆಗೆ ಒಬ್ಬನೇ ತಲುಪುತ್ತಾನೆ. ಜನ ಅದನ್ನು ಓದಿ ಉಸಿರು ಬಿಗಿಹಿಡಿದಿದ್ದ ಅದೇ ತಿಂಗಳುಗಳಲ್ಲಿ, ಮೇ 24ರಂದು, ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಸಂದೇಶ ಕಳಿಸಿದರು. ಸುದ್ದಿಗೆ ಕುದುರೆ ಬೇಡವಾಗುತ್ತಿದ್ದ ಹೊತ್ತಿಗೇ ಕುದುರೆ ಸವಾರರ ಕಥೆಗೆ ಜನ ಮುಗಿಬಿದ್ದಿದ್ದರು.

ತಡಕ್ಕೆ ಕಾನೂನೂ ಸೇರಿದರೆ ಕಥೆ ಇನ್ನೂ ರಂಗೇರುತ್ತದೆ. ಇಂಗ್ಲೆಂಡಿನಲ್ಲಿ 1753ರಲ್ಲಿ ಒಂದು ಮದುವೆ ಕಾಯ್ದೆ ಆಯಿತು, ಮರುವರ್ಷ ಜಾರಿಗೆ ಬಂತು. 21 ತುಂಬದವರು ಲೈಸೆನ್ಸ್ ಪಡೆದು ಮದುವೆಯಾಗಬೇಕಾದರೆ ಹೆತ್ತವರ ಒಪ್ಪಿಗೆ ಬೇಕು. ಚರ್ಚಿನಲ್ಲಿ ಮೂರು ವಾರ ಸಾರಿ ಹೇಳಿ ಮದುವೆಯಾಗಲು ಹೊರಟರೂ ಅಪ್ಪ ಎದ್ದು ನಿಂತು ತಡೆಯಬಹುದು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಅನ್ವಯಿಸಲಿಲ್ಲ. ಅಲ್ಲಿ ಇಬ್ಬರು ಸಾಕ್ಷಿಗಳ ಮುಂದೆ 'ನಾವು ಗಂಡ ಹೆಂಡತಿ' ಅಂದರೆ ಸಾಕು. ಗಡಿ ದಾಟಿದ ಕೂಡಲೇ ಸಿಗುವ ಹಳ್ಳಿ ಗ್ರೆಟ್ನಾ ಗ್ರೀನ್. ಅಲ್ಲಿ ಕಮ್ಮಾರನ ಕುಲುಮೆಯಲ್ಲಿ ಮದುವೆ ಮಾಡಿಸುತ್ತಿದ್ದವರಿಗೆ 'ಅಡಿಗಲ್ಲಿನ ಪುರೋಹಿತರು' ಅಂತಲೇ ಹೆಸರು ಬಿತ್ತು. ಅಡಿಗಲ್ಲು ಅಂದರೆ ಕಮ್ಮಾರ ಕಬ್ಬಿಣ ಬಡಿಯುವ ದಿಮ್ಮಿ.

ಈಗ ದೃಶ್ಯ ಕಟ್ಟಿಕೊಳ್ಳಿ. ಲಂಡನ್ನಿನಿಂದ ಅಲ್ಲಿಗೆ ಸುಮಾರು 500 ಕಿಲೋಮೀಟರ್. ಸಾರೋಟಿನಲ್ಲಿ ಹುಡುಗ, ಹುಡುಗಿ. ಮಣ್ಣು ರಸ್ತೆ, ಮಳೆ. ಹಾದಿಯ ಪ್ರತಿ ಛತ್ರದಲ್ಲೂ ಕುದುರೆ ಬದಲಿಸಬೇಕು. ಹುಡುಗ ಇಳಿದು ಕುದುರೆಯಾಳಿನ ಕೈಗೆ ಎರಡು ನಾಣ್ಯ ಜಾಸ್ತಿ ತುರುಕುತ್ತಾನೆ: 'ಹಿಂದೆ ಬರುವ ಮುದುಕರಿಗೆ ಕುಂಟು ಕುದುರೆ ಕೊಡು.' ಹುಡುಗಿ ಒಳಗೆ ಕೂತು ತೊಡೆಯ ಮೇಲಿನ ಗಂಟನ್ನು ಒಮ್ಮೆ ಬಿಚ್ಚುತ್ತಾಳೆ, ಒಮ್ಮೆ ಕಟ್ಟುತ್ತಾಳೆ. ಎರಡು ರಾತ್ರಿ ಕಳೆದಿದೆ. ಇವನು ಬೆಳಿಗ್ಗೆ ಹಸಿದಾಗ ಸಿಡುಕುವವನು ಅಂತ ಅವಳಿಗೆ ಈಗ ತಾನೆ ಗೊತ್ತಾಗಿದೆ. ಹಿಂದಿನ ತಿರುವಿನಲ್ಲಿ ದೀಪ ಕಾಣುತ್ತದೆ. ಅಪ್ಪನ ಗಾಡಿಯೋ, ಅಂಚೆ ಗಾಡಿಯೋ?

ನಾನು ಇದನ್ನು ಈ ಕ್ಷಣ ಕಟ್ಟಿದ್ದು. ಆದರೂ ಆ ದೀಪ ಯಾರದ್ದು ಅಂತ ತಿಳಿಯಬೇಕು ಅನಿಸುತ್ತದೆ, ಅಲ್ವಾ? ಇದು ಬೆನ್ನಟ್ಟುವ ಸಾಹಸದ ಕಥೆಯೂ ಹೌದು, ಇಬ್ಬರು ಪರಸ್ಪರ ಅರಿಯುವ ಪ್ರೀತಿಯ ಕಥೆಯೂ ಹೌದು. ಹಾಗೆ ಮಾಡಿದ್ದು ಒಂದು ಕಾಯ್ದೆ ಮತ್ತು ಒಂದು ಗಡಿ. 1856ರಲ್ಲಿ ಇನ್ನೊಂದು ಕಾಯ್ದೆ ಬಂತು: ಇಬ್ಬರಲ್ಲಿ ಒಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ನೆಲೆಸಿರಬೇಕು. ಅಲ್ಲಿಗೆ ಓಟದ ರಭಸ ಇಳಿಯಿತು. ಅದಕ್ಕೇ ಇಂಥ ಕಥೆಗಳೆಲ್ಲ ಹೆಚ್ಚುಕಡಿಮೆ ಅದಕ್ಕೂ ಹಿಂದಿನ ಕಾಲದಲ್ಲಿ ನಡೆಯುತ್ತವೆ.

ತಡದಷ್ಟೇ ಬಲವಾದ ಇನ್ನೊಂದು ಸಂಗತಿ ಇದೆ. ಮುಂದೆ ಏನಾಗುತ್ತದೆ ಅಂತ ನಮಗೆ ಗೊತ್ತು, ಪಾತ್ರಗಳಿಗೆ ಗೊತ್ತಿಲ್ಲ. 1815ರ ಜೂನ್ 15ರ ರಾತ್ರಿ ಬ್ರಸೆಲ್ಸ್‌ನಲ್ಲಿ ರಿಚ್ಮಂಡ್ ಡಚೆಸ್ ಒಂದು ನೃತ್ಯಕೂಟ ಇಟ್ಟುಕೊಂಡಿದ್ದರು. ಬ್ರಿಟಿಷ್ ಸೇನಾಧಿಪತಿ ವೆಲಿಂಗ್ಟನ್ ಸಮೇತ ಅಧಿಕಾರಿಗಳೆಲ್ಲ ಅಲ್ಲಿದ್ದರು. ನಡುವೆ ನೆಪೋಲಿಯನ್ ಮುನ್ನುಗ್ಗಿ ಬಂದ ಸುದ್ದಿ ಬಂತು. ಕೆಲವರು ಬಟ್ಟೆ ಬದಲಿಸುವಷ್ಟೂ ಪುರುಸೊತ್ತಿಲ್ಲದೆ, ಕುಣಿಯುತ್ತಿದ್ದ ಉಡುಪಿನಲ್ಲೇ ಮರುದಿನ ಕಾಳಗಕ್ಕಿಳಿದರು. ಮೂರನೇ ದಿನ ವಾಟರ್‌ಲೂ, ನೆಪೋಲಿಯನ್ ಸೋತ ಯುದ್ಧ. ಲೇಖಕರು ಮತ್ತೆ ಮತ್ತೆ ಆ ರಾತ್ರಿಗೆ ಹೋಗುವುದು ಇದಕ್ಕೇ. 'ಮುಂದಿನ ಕುಣಿತ ನನ್ನ ಜೊತೆ' ಅಂತ ಹುಡುಗನೊಬ್ಬ ಹೇಳಿದರೆ ಸಾಕು, ಓದುವವರ ಎದೆ ಧಸಕ್ಕೆನ್ನುತ್ತದೆ. ಯುದ್ಧ ಯಾರು ಗೆದ್ದರು ಅಂತ ಶಾಲೆಯ ಮಕ್ಕಳಿಗೂ ಗೊತ್ತು. ಈ ಹುಡುಗ ವಾಪಸ್ ಬಂದನಾ ಅನ್ನುವುದು ಗೊತ್ತಿಲ್ಲ. ಆ ಎರಡರ ನಡುವಿನ ಸಂದಿಯಲ್ಲೇ ಈ ಕಥೆಗಳು ಉಸಿರಾಡುವುದು. ಅಂದ ಹಾಗೆ, ಗೆಲುವಿನ ಸುದ್ದಿ ಹೊತ್ತ ಮೇಜರ್ ಪರ್ಸಿ ಲಂಡನ್ ಮುಟ್ಟಿದ್ದು 21ರ ರಾತ್ರಿ. ಮೂರು ದಿನ ಇಡೀ ಲಂಡನ್ ಖಚಿತ ಸುದ್ದಿ ಇಲ್ಲದೆ ಕಾದಿತ್ತು.

ಈ ಬಗೆಯ ಕಥೆಗಳ ಸುತ್ತ ಇನ್ನೂ ಕೆಲವು ಪದ ಕಿವಿಗೆ ಬೀಳುತ್ತವೆ. 'ಸ್ವಾಶ್‌ಬಕ್ಲರ್' ಅಂದರೆ ಈಗ ಕತ್ತಿ ಹಿಡಿದು ಹಗ್ಗಕ್ಕೆ ಜೋತು ಬೀಳುವ ಮೋಜಿನ ನಾಯಕ. 16ನೇ ಶತಮಾನದಲ್ಲಿ ಅದು ಬೈಗುಳ. ಬಕ್ಲರ್ ಅಂದರೆ ಪುಟ್ಟ ಗುರಾಣಿ, ಸ್ವಾಶ್ ಅಂದರೆ ಬಡಿತದ ಸದ್ದು. ಗುರಾಣಿಗೆ ಕತ್ತಿ ಬಡಿದು ಬೀದಿಯಲ್ಲಿ ಗದ್ದಲ ಮಾಡುವ ಪುಂಡ ಅಂತ ಅರ್ಥ. 'ರೀಜೆನ್ಸಿ ರೋಮಾನ್ಸ್' ಅಂದರೆ 1811ರಿಂದ 1820ರ ಇಂಗ್ಲೆಂಡಿನ ಕಥೆ. ದೊರೆ 3ನೇ ಜಾರ್ಜ್‌ಗೆ ಚಿತ್ತ ಸ್ವಾಸ್ಥ್ಯ ಕೆಟ್ಟು ಮಗ ಅವರ ಪರವಾಗಿ ಆಳಿದ ವರ್ಷಗಳು. ಬರೀ ಒಂಬತ್ತು ವರ್ಷ, ಆದರೆ ಅದರ ಮೇಲೆ ಬಂದ ಪುಸ್ತಕಗಳು ಲೆಕ್ಕಕ್ಕಿಲ್ಲ. ಈ ಹುಚ್ಚು ಹಚ್ಚಿದವರು 20ನೇ ಶತಮಾನದ ಇಂಗ್ಲಿಷ್ ಲೇಖಕಿ ಜಾರ್ಜೆಟ್ ಹೇಯರ್. ಇವತ್ತಿನ ಪ್ರಕಾಶಕರ ಭಾಷೆಯಲ್ಲಿ ಬರೀ 'ರೋಮಾನ್ಸ್' ಅಂದರೆ ಪ್ರೀತಿಯೇ ನಡುವಿನ ಎಳೆಯಾಗಿರಬೇಕು, ಕೊನೆ ಸುಖವಾಗಿರಬೇಕು. ಪ್ರೇಮಿಗಳು ಸತ್ತರೆ ಅದು ಎಷ್ಟೇ ಚೆನ್ನಾಗಿದ್ದರೂ ಆ ಕಪಾಟಿಗೆ ಹೋಗುವುದಿಲ್ಲ. ಕೊನೆ ಗೊತ್ತಿದ್ದೂ ಯಾಕೆ ಓದುತ್ತೀರಿ ಅಂತ ಕೇಳುವವರಿದ್ದಾರೆ. ಮದುವೆಗೆ ಹೋಗುವಾಗಲೂ ಕೊನೆಗೆ ತಾಳಿ ಕಟ್ಟುತ್ತಾರೆ ಅಂತ ಗೊತ್ತಿರುತ್ತದಲ್ಲ, ಆದರೂ ಹೋಗುತ್ತೇವೆ.

ಇನ್ನೊಂದು ಪದ ಓದುಗರೇ ಬೈಯಲು ಬಳಸುವುದು: 'ವಾಲ್‌ಪೇಪರ್ ಹಿಸ್ಟಾರಿಕಲ್'. ಇತಿಹಾಸ ಗೋಡೆಗೆ ಅಂಟಿಸಿದ ಬಣ್ಣದ ಕಾಗದದಂತೆ ಹಿಂದೆ ಇರುತ್ತದೆ, ಕಥೆಗೆ ತಾಗುವುದೇ ಇಲ್ಲ. ಹೀಗೇ ಒಂದು ಪುಸ್ತಕದಿಂದ ನಾನೂ ಮೋಸ ಹೋಗಿದ್ದೇನೆ. ಮುಖಪುಟದಲ್ಲಿ ಕೋಟೆ, ಬಿರುಗಾಳಿ, ಕಪ್ಪು ಕುದುರೆ. ಒಳಗೆ ನಾಯಕಿ ಅನುಮತಿ ಕೇಳದೆ, ಯಾರ ಕಣ್ಣಿಗೂ ಬೀಳದೆ, ರಾತ್ರಿ ಹೊತ್ತು ಒಬ್ಬಳೇ ಪಟ್ಟಣ ಸುತ್ತುತ್ತಾಳೆ. ಕಾಗದ ಬರೆದ ಮಧ್ಯಾಹ್ನವೇ ಉತ್ತರ ಬರುತ್ತದೆ. ಯಾರಿಗೂ ಮಾನ ಹೋಗುವ ಭಯವಿಲ್ಲ. ಐವತ್ತು ಪುಟ ದಾಟುವ ಹೊತ್ತಿಗೆ ನನಗೆ ಆಕಳಿಕೆ. ಅಲ್ಲಿ ಲಾನ್ಸಲಾಟ್ ಇದ್ದಿದ್ದರೆ ಗಾಡಿ ಬಂದ ಕೂಡಲೇ ಹತ್ತಿ ಕೂತುಬಿಡುತ್ತಿದ್ದ. ಅವನಿಗೆ ಕಳೆದುಕೊಳ್ಳಲು ಏನೂ ಇರುತ್ತಿರಲಿಲ್ಲ.