‘ಫ್ಲಡ್’ ಹಾಡಿನ ಆಚೆಗೆ ಜಾರ್ಸ್ ಆಫ್ ಕ್ಲೇ

ಕ್ರಿಶ್ಚಿಯನ್ ರಾಕ್, ಅಂದರೆ ಕ್ರೈಸ್ತ ನಂಬಿಕೆಯ ರಾಕ್ ಸಂಗೀತದ ಬಗ್ಗೆ ಓದುವವರು ಅಮೆರಿಕದ ಜಾರ್ಸ್ ಆಫ್ ಕ್ಲೇ ತಂಡ ಅಂದ ಕೂಡಲೇ 1995ಕ್ಕೇ ನಿಂತುಬಿಡುತ್ತಾರೆ. ಮೊದಲ ಆಲ್ಬಂ, ಅದರ ‘ಫ್ಲಡ್’ ಹಾಡು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 37ನೇ ಸ್ಥಾನ, ಅಲ್ಲಿಗೆ ಕತೆ ಮುಗೀತು. ನನ್ನ ಪ್ರಕಾರ ಓದಬೇಕಾದ್ದು ಆಮೇಲಿನದನ್ನೇ.

ಹಿನ್ನೆಲೆ ಇಷ್ಟು ಸಾಕು. ಇಲಿನಾಯ್‌ನ ಗ್ರೀನ್‌ವಿಲ್ ಕಾಲೇಜಿನಲ್ಲಿ ಹುಟ್ಟಿದ ತಂಡ, ನಂತರ ನ್ಯಾಶ್‌ವಿಲ್‌ಗೆ ಬಂತು. ಹಾಡುಗಾರ ಡ್ಯಾನ್ ಹ್ಯಾಸೆಲ್ಟೈನ್, ಕೀಬೋರ್ಡ್‌ಗೆ ಚಾರ್ಲಿ ಲೋವೆಲ್, ಗಿಟಾರ್‌ಗೆ ಸ್ಟೀಫನ್ ಮೇಸನ್ ಮತ್ತು ಮ್ಯಾಟ್ ಓಡ್‌ಮಾರ್ಕ್. ಮೂರು ಆಲ್ಬಂಗೆ ಗ್ರ್ಯಾಮಿ ಬಂತು. ಅದರಲ್ಲಿ ಮೂರನೆಯದು, 2002ರ ‘ದಿ ಇಲೆವೆಂತ್ ಅವರ್’, ಅವರೇ ಪ್ರೊಡ್ಯೂಸ್ ಮಾಡಿದ್ದು. ಕೆಲಸ ತಮ್ಮ ಕೈಗೆ ತೆಗೆದುಕೊಳ್ಳುವುದು ಇಲ್ಲಿ ಶುರುವಾಗುತ್ತದೆ, ಇದನ್ನು ಗುರುತು ಹಾಕಿಕೊಳ್ಳಿ.

2005ರ ‘ರಿಡೆಂಪ್ಶನ್ ಸಾಂಗ್ಸ್’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇದು ಚರ್ಚ್‌ನ ಹಳೆಯ ಕೀರ್ತನೆಗಳ ಆಲ್ಬಂ. ಸುಮ್ನೆ ಹಳೇ ರಾಗಕ್ಕೆ ಡ್ರಮ್ಸ್ ಸೇರಿಸಿ ಬಿಟ್ಟಿಲ್ಲ, ಎಷ್ಟೋ ಕಡೆ ಹಳೆಯ ಸಾಲುಗಳನ್ನು ಇಟ್ಟುಕೊಂಡು ರಾಗವನ್ನೇ ಹೊಸದಾಗಿ ಕಟ್ಟಿದ್ದಾರೆ. ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ ಎಂಬ ಗಾಯಕರ ತಂಡದ ಜೊತೆಗೆ ಹಾಡಿದ್ದಾರೆ. ಕರಿಯರ ಗಾಸ್ಪೆಲ್ (ಚರ್ಚ್‌ನ ಭಕ್ತಿಗೀತೆ) ಪರಂಪರೆಯ ಆ ಹಿರಿಯ ದನಿಗಳು ಬಂದ ಕೂಡಲೇ ಹಾಡಿನ ತೂಕವೇ ಬದಲಾಗುತ್ತದೆ, ಕೇಳಿ ನೋಡಿ.

ಮರುವರ್ಷದ ‘ಗುಡ್ ಮಾನ್‌ಸ್ಟರ್ಸ್’ನಲ್ಲಿ ಮತ್ತೆ ಜೋರು ಗಿಟಾರ್. ಅದರ ‘ಲೈಟ್ ಗಿವ್ಸ್ ಹೀಟ್’ ಹಾಡನ್ನು ಬಿಡಬೇಡಿ. ಆಫ್ರಿಕಾಕ್ಕೆ ಸಹಾಯ ಮಾಡಲು ಹೋಗುವ ಪಶ್ಚಿಮದವರು ತಮ್ಮನ್ನೇ ಹೀರೋ ಅಂದುಕೊಳ್ಳುವುದನ್ನು ಅದು ನೇರವಾಗಿ ಪ್ರಶ್ನಿಸುತ್ತದೆ. ಅದಕ್ಕೆ ಇನ್ನೂ ಬೆಲೆ ಬರುವುದು ಯಾಕೆ ಗೊತ್ತಾ? ಆ ಹೊತ್ತಿಗೆ ಇವರೇ ಕಟ್ಟಿದ ಬ್ಲಡ್:ವಾಟರ್ ಮಿಷನ್ ಸಂಸ್ಥೆ ಆಫ್ರಿಕಾದ ಊರುಗಳಿಗೆ ಶುದ್ಧ ನೀರು ತರುವ, ಎಚ್‌ಐವಿ ಪೀಡಿತರಿಗೆ ನೆರವಾಗುವ ಕೆಲಸದಲ್ಲಿತ್ತು. ಒಂದು ಡಾಲರ್‌ಗೆ ಒಬ್ಬರಿಗೆ ಒಂದು ವರ್ಷದ ನೀರು ಅಂತ ಲೆಕ್ಕ ಹೇಳಿ ಅಭಿಮಾನಿಗಳಿಂದ ಹಣ ಕೂಡಿಸುತ್ತಿದ್ದರು. ಪ್ರಶ್ನೆ ಕೇಳಿದ್ದು ತಮಗೂ ಸೇರಿಸಿಯೇ, ಅಲ್ವಾ?

2007ರಲ್ಲಿ ಎಸೆನ್ಷಿಯಲ್ ರೆಕಾರ್ಡ್ಸ್ ಬಿಟ್ಟು ಗ್ರೇ ಮ್ಯಾಟರ್ಸ್ ಅಂತ ಸ್ವಂತ ಲೇಬಲ್, ಅಂದರೆ ಆಲ್ಬಂ ಹೊರತರುವ ಕಂಪನಿ ಮಾಡಿದರು. ಇದರ ಮಹತ್ವ ತಿಳಿಯಬೇಕಾದರೆ ಅಮೆರಿಕದ ಕ್ರಿಶ್ಚಿಯನ್ ರೇಡಿಯೋ ಗೊತ್ತಿರಬೇಕು. ಕೆ-ಲವ್‌ನಂಥ ರೇಡಿಯೋ ಜಾಲಕ್ಕೆ ಧೈರ್ಯ ಹೇಳುವ, ಮನೆಮಂದಿಯೆಲ್ಲ ಕೇಳಬಹುದಾದ ಹಾಡು ಬೇಕು. ಇವರ ಹಾಡುಗಳಲ್ಲಿ ಸಂಶಯ, ದಾಂಪತ್ಯದ ಜಗಳ, ಒಂಟಿತನ ಎಲ್ಲವೂ ಇರುತ್ತದೆ, ಎಷ್ಟೋ ಸಲ ಕೊನೆಗೂ ಉತ್ತರ ಸಿಗುವುದಿಲ್ಲ. ಸ್ವಂತ ಲೇಬಲ್ ಇದ್ದರೆ ರೇಡಿಯೋಗೆ ಹೊಂದದ ಇಂಥ ಹಾಡನ್ನೂ ತಮ್ಮಿಷ್ಟದಂತೆ ಹೊರತರಬಹುದು. ಉತ್ತರ ಕೊಡದೆ ಬಿಡುತ್ತಾರಲ್ಲ, ಅದು ಅವರ ಶಕ್ತಿ ಅಂತಲೇ ನನಗನಿಸುತ್ತದೆ.

2014ರಲ್ಲಿ ಹ್ಯಾಸೆಲ್ಟೈನ್ ಟ್ವಿಟರ್‌ನಲ್ಲಿ ಸಲಿಂಗ ಮದುವೆಯನ್ನು ವಿರೋಧಿಸಲು ಇರುವ ಕಾರಣಗಳೇನು ಎಂದು ಕೇಳಿದಾಗ ದೊಡ್ಡ ಗಲಾಟೆಯೇ ಆಯಿತು. ಕೆಲವು ರೇಡಿಯೋ ಕೇಂದ್ರಗಳು ಇವರ ಹಾಡು ಹಾಕುವುದನ್ನೇ ನಿಲ್ಲಿಸಿದವು.

ಅದಕ್ಕೂ ಹಿಂದಿನ ವರ್ಷ ಬಂದದ್ದು ‘ಇನ್‌ಲ್ಯಾಂಡ್’, ಪ್ರೊಡ್ಯೂಸರ್ ಟಕರ್ ಮಾರ್ಟೀನ್. ನಿಧಾನಕ್ಕೆ ಹತ್ತಿರವಾಗುವ ಆಲ್ಬಂ, ನನಗಂತೂ ಇವರ ಕೆಲಸದಲ್ಲೇ ತುಂಬಾ ಇಷ್ಟ. ಕೇಳಲು ಹೊಸಬರಾದರೆ ಮೊದಲು ‘ರಿಡೆಂಪ್ಶನ್ ಸಾಂಗ್ಸ್’, ಆಮೇಲೆ ‘ಗುಡ್ ಮಾನ್‌ಸ್ಟರ್ಸ್’, ‘ಇನ್‌ಲ್ಯಾಂಡ್’ ಕೊನೆಗೆ. ‘ಫ್ಲಡ್’ ಹೇಗೂ ಎಲ್ಲಾದರೂ ಕಿವಿಗೆ ಬಿದ್ದೇ ಬೀಳುತ್ತದೆ.